ಈಜುವ ಜಾಗ ಮನೆಯಲ್ಲೇ ನಿಶ್ಚಯವಾಗಲಿ

ಬೇಸಿಗೆ ರಜೆ ಬಂತೆಂದರೆ ಮಕ್ಕಳದು ಒಂದೇ ರಾಗ: ನೀರಿಗೆ ಹೋಗೋಣ. ದೊಡ್ಡವರೂ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಕಾರು ಹತ್ತಿಬಿಡುತ್ತಾರೆ. ಜಾಗ ಹೇಗಿದೆ ಎಂದು ನೋಡುವುದು ಅಲ್ಲಿಗೆ ತಲುಪಿದ ಮೇಲೆ. ಅಷ್ಟು ಹೊತ್ತಿಗೆ ಮಕ್ಕಳು ಬಟ್ಟೆ ಬದಲಿಸಿ ದಡದಲ್ಲಿ ಕುಣಿಯುತ್ತಿರುತ್ತಾರೆ. ಅಷ್ಟು ದೂರ ಬಂದು 'ಇಲ್ಲಿ ಬೇಡ, ವಾಪಸ್ ಹೋಗೋಣ' ಎನ್ನಲು ಯಾವ ತಂದೆತಾಯಿಗೂ ಬಾಯಿ ಬರುವುದಿಲ್ಲ. ಆದ್ದರಿಂದ ಎಲ್ಲಿ ಇಳಿಯಬೇಕು, ಎಲ್ಲಿ ಇಳಿಯಬಾರದು ಎಂಬುದು ಹಿಂದಿನ ದಿನವೇ, ಮನೆಯಲ್ಲೇ ತೀರ್ಮಾನವಾಗಬೇಕು.

1. ದೂರಕ್ಕೆ ಮಿತಿ ಹಾಕಿಕೊಳ್ಳಿ

ಚಿಕ್ಕ ಮಕ್ಕಳಿದ್ದರೆ ಒಂದು ದಿಕ್ಕಿಗೆ ಎರಡು ಗಂಟೆಯ ಹಾದಿ ಸಾಕು. ಕಾರು ಓಡಿಸಿದವರೇ ಸಾಮಾನ್ಯವಾಗಿ ನೀರಲ್ಲಿ ಮಕ್ಕಳನ್ನೂ ಕಾಯುವವರು. ದಣಿದ ಕಣ್ಣಿಗೆ ಕಾವಲು ಕಷ್ಟ. ಹತ್ತಿರದ ಜಾಗಕ್ಕೆ ಇನ್ನೊಂದು ಅನುಕೂಲವೂ ಇದೆ. ನೀರು ಸರಿಯಿಲ್ಲದಿದ್ದರೆ 'ಮುಂದಿನ ವಾರ ಬರೋಣ' ಎಂದು ಹಿಂತಿರುಗುವುದು ಸುಲಭ.

2. ಮೊದಲು ಕಾವಲು, ಆಮೇಲೆ ಚೆಲುವು

ಫೋಟೊದಲ್ಲಿ ಎಲ್ಲ ನೀರೂ ಚೆಂದ. ನೀವು ಕೇಳಬೇಕಾದ ಪ್ರಶ್ನೆಗಳು ಮೂರು. ಜೀವರಕ್ಷಕರಿದ್ದಾರೆಯೇ? ಆಳ ಎಷ್ಟೆಂದು ಗೊತ್ತೇ? ಮಗು ತಾನಾಗಿ ದಡ ಹತ್ತಿ ಬರಬಹುದೇ? ಮೂರಕ್ಕೂ 'ಹೌದು' ಎಂದಾಗ ಮಾತ್ರ ಹೊರಡಿ.

ಕರಾವಳಿಯವರಿಗೆ ಈ ಲೆಕ್ಕದಲ್ಲಿ ಒಳ್ಳೆಯ ಜಾಗಗಳಿವೆ. ಉಡುಪಿ ಜಿಲ್ಲೆಯ ಪಡುಬಿದ್ರಿ, ಹೊನ್ನಾವರದ ಕಾಸರಕೋಡು ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಡೆನ್ಮಾರ್ಕ್ ಮೂಲದ ಸಂಸ್ಥೆಯೊಂದು ಕೊಡುವ ಈ ಗುರುತಿಗೆ ನೀರಿನ ಶುದ್ಧಿಯ ಪರೀಕ್ಷೆ, ಜೀವರಕ್ಷಕರು, ಶೌಚಾಲಯ, ಪ್ರಥಮ ಚಿಕಿತ್ಸೆ ಸೇರಿ ಮೂವತ್ತಕ್ಕೂ ಹೆಚ್ಚು ಷರತ್ತುಗಳಿವೆ. ಆದರೆ ಬಾವುಟ ಕಾಯುವುದಿಲ್ಲ, ಮನುಷ್ಯರು ಕಾಯುತ್ತಾರೆ. ಗುರುತು ಹಾಕಿದ ಗಡಿಯೊಳಗೆ, ಜೀವರಕ್ಷಕರು ಕೆಲಸದಲ್ಲಿರುವ ಹೊತ್ತಿನಲ್ಲಿ ಮಾತ್ರ ಇಳಿಯಿರಿ.

3. ಕಾವೇರಿಯನ್ನು ದಡದಿಂದ ನೋಡಿ

ಬೆಂಗಳೂರು, ಮೈಸೂರು, ಮಂಡ್ಯದ ಓದುಗರಿಗೆ ಇದನ್ನು ಒತ್ತಿ ಹೇಳಬೇಕಾಗಿದೆ. ಕನಕಪುರದ ಸಂಗಮ, ಮೇಕೆದಾಟು, ಮುತ್ತತ್ತಿ, ಶ್ರೀರಂಗಪಟ್ಟಣದ ಹತ್ತಿರದ ಬಲಮುರಿ ಇವೆಲ್ಲ ಕಾರಿಗೆ ಹತ್ತಿರ. ಆದರೆ ಮಕ್ಕಳ ಈಜಿಗೆ ಯಾವುದೂ ತಕ್ಕುದಲ್ಲ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರಿಗೆ ಮುಂದಿನ ಹೆಜ್ಜೆಯಲ್ಲಿ ಮಡು. ಬಂಡೆಗಳ ನಡುವೆ ನೀರು ಕೊರೆದ ಗುಂಡಿಗಳು, ಸುಳಿ, ಪಾಚಿ. ಮರಳು ತೆಗೆದಲ್ಲಿ ಉಳಿದ ಹೊಂಡಗಳು ಮೇಲಿನಿಂದ ಕಾಣುವುದೇ ಇಲ್ಲ. ಸಂಗಮ, ಮುತ್ತತ್ತಿಯ ಕಡೆ ಮೊಸಳೆಗಳೂ ಇವೆ.

ಇದಕ್ಕಿಂತ ದೊಡ್ಡ ಅಪಾಯ ಮೇಲಿನಿಂದ ಬರುತ್ತದೆ. ಈ ಜಾಗಗಳೆಲ್ಲ ಕೆಆರ್‌ಎಸ್‌ನ ಕೆಳಗಿವೆ. ಅಣೆಕಟ್ಟಿನಿಂದ ನೀರು ಬಿಟ್ಟರೆ, ಇಲ್ಲಿ ಬಿಸಿಲು ಕಾಯುತ್ತಿದ್ದರೂ ನದಿ ಏರುತ್ತದೆ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಹೀಗೆಯೇ, ಲಾರ್ಜಿ ಅಣೆಕಟ್ಟಿನಿಂದ ಏಕಾಏಕಿ ನೀರು ಬಿಟ್ಟಾಗ. 'ಇಲ್ಲಿ ಈಜಬಾರದು' ಎಂಬ ಫಲಕ ಕಂಡರೆ ಚರ್ಚೆ ಬೇಡ. ಮಕ್ಕಳಿಗೆ ನದಿಯ ಸುಖ ಬೇಕೆಂದರೆ ಲೈಫ್ ಜಾಕೆಟ್ ಕೊಡುವ ಕಡೆ ತೆಪ್ಪ ಹತ್ತಿಸಿ.

4. ಹತ್ತಿರದ ಈಜುಕೊಳಕ್ಕೆ ಮೊದಲ ಮಣೆ

ಊರಿನ ಒಳ್ಳೆಯ ಈಜುಕೊಳ ದೂರದ ಸುಂದರ ಹೊಳೆಗಿಂತ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಹೋಗುವ ಮುಂಚೆ ಫೋನ್ ಮಾಡಿ: ಮಕ್ಕಳಿಗೆ ಬೇರೆ ಕೊಳವಿದೆಯೇ, ಜೀವರಕ್ಷಕರು ಎಷ್ಟು ಹೊತ್ತಿನವರೆಗೆ ಇರುತ್ತಾರೆ, ಯಾವ ಬಟ್ಟೆಗೆ ಅನುಮತಿ. ರೆಸಾರ್ಟ್‌ಗಳಿಗಂತೂ ಇದನ್ನು ಕೇಳಲೇಬೇಕು. ಕೊಳವಿದ್ದು ಕಾಯುವವರಿಲ್ಲದ ಕಡೆಗಳು ಬೇಕಾದಷ್ಟಿವೆ.

ಅಲ್ಲಿಗೆ ಹೋದ ಮೇಲೆ ಎರಡು ಪರೀಕ್ಷೆ. ಅತಿ ಆಳದ ಕಡೆ ನಿಂತು ತಳ ನೋಡಿ. ನೀರು ಹೊರಹೋಗುವ ಜಾಲರಿ ಸ್ಪಷ್ಟವಾಗಿ ಕಾಣಬೇಕು. ಮಬ್ಬು ನೀರಿನಲ್ಲಿ ಮುಳುಗಿದ ಮಗು ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನು ವಾಸನೆ. ಮೂಗು ಉರಿಯುವಷ್ಟು ಘಾಟು ಬಂದರೆ ನೀರು ಬಹಳ ಶುದ್ಧವೆಂದು ಜನ ತಿಳಿಯುತ್ತಾರೆ. ವಾಸ್ತವದಲ್ಲಿ ಕ್ಲೋರಿನ್ ಬೆವರು, ಮೂತ್ರದೊಂದಿಗೆ ಸೇರಿದಾಗ ಆ ಘಾಟು ಹುಟ್ಟುತ್ತದೆ. ಅಂಥ ಕೊಳದಿಂದ ಹಿಂತಿರುಗಿ.

5. ಕಡಲಿಗೆ ಹೋಗುವ ಮೊದಲು ಪಂಚಾಂಗ ನೋಡಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಕಡಲಿಗೆ ಮಕ್ಕಳನ್ನು ಇಳಿಸಬೇಡಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಉಬ್ಬರ ಇಳಿತ ಎರಡೂ ಜೋರು. ಆ ದಿನಗಳನ್ನು ಬಿಟ್ಟು ದಿನ ಗೊತ್ತುಮಾಡಿ. ನದಿ ಕಡಲು ಸೇರುವ ಅಳಿವೆಯ ಬಳಿ ಯಾವ ಕಾಲದಲ್ಲೂ ಬೇಡ.

ಮಳೆಗಾಲ ಮುಗಿದರೆ ಅಪಾಯವೂ ಮುಗಿಯಿತು ಎನ್ನಲಾಗದು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಶಾಲಾ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ದಡಕ್ಕೆ ನುಗ್ಗಿದ ನೀರು ಎಲ್ಲೋ ಒಂದು ಕಡೆಯಿಂದ ಹಿಂದಕ್ಕೆ ಹರಿಯಲೇಬೇಕು. ಆ ಸೆಳೆತಕ್ಕೆ ಸಿಕ್ಕವರನ್ನು ಅದು ಒಳಕ್ಕೆ ಎಳೆಯುತ್ತದೆ. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ ಕಂಡರೆ ಸೆಳೆತ ಅಲ್ಲೇ ಇರಬಹುದು. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬನ್ನಿ. ಇಳಿಯುವ ಮೊದಲು ಬಲೆ ಸರಿಪಡಿಸುತ್ತ ಕೂತ ಮೀನುಗಾರರನ್ನು ಒಂದು ಮಾತು ಕೇಳಿ. ಅವರು ಬೇಡವೆಂದರೆ ಬೇಡ.

6. ಕೃಷಿ ಹೊಂಡ, ಕಲ್ಲು ಕ್ವಾರಿ ಬೇಡವೇ ಬೇಡ

ನೆಂಟರ ತೋಟದಲ್ಲೇ ಇದ್ದರೂ ಸರಿ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಕಾಲಿಗೂ ಹಿಡಿತವಿಲ್ಲ, ಕೈಗೂ ಇಲ್ಲ. ಈಜು ಬಲ್ಲ ದೊಡ್ಡವರೂ ಹತ್ತಿ ಬರಲಾರರು. ಕ್ವಾರಿಗೆ ಮೆಟ್ಟಿಲಿಲ್ಲ, ಅಂಚಿನಿಂದಲೇ ಆಳ.

7. ಜಲಪಾತದಲ್ಲಿ ತಲೆಯೊಡ್ಡಿ, ಮಡುವಿಗೆ ಇಳಿಯಬೇಡಿ

ಚಿಕ್ಕಮಗಳೂರಿನ ಕಲ್ಲತ್ತಿಗಿರಿ, ಶೃಂಗೇರಿ ಬಳಿಯ ಸಿರಿಮನೆಯಂಥ ಕಡೆ ಮಳೆಗಾಲ ಕಳೆದ ಮೇಲೆ ಮಕ್ಕಳು ನೀರಿಗೆ ತಲೆಯೊಡ್ಡಿ ನಿಲ್ಲುವುದೇ ದೊಡ್ಡ ಸಂಭ್ರಮ. ತಿಳಿನೀರು ಕೆಂಪಾದರೆ, ತರಗೆಲೆ, ಕಡ್ಡಿ ತೇಲಿಬಂದರೆ ಮೇಲೆ ಮಳೆಯಾಗಿದೆ ಎಂದರ್ಥ. ತಕ್ಷಣ ಮೇಲೆ ಬನ್ನಿ.

8. ಬಿಸಿಲಿಗೆ ಕಾದ ನಿಂತ ನೀರು ಬಿಡಿ

ಕೇರಳದಲ್ಲಿ 2024 ಮತ್ತು 2025ರಲ್ಲಿ ಸುದ್ದಿಯಾದ ಮಿದುಳು ತಿನ್ನುವ ಅಮೀಬಾ ಸೋಂಕು ಅಪರೂಪ, ಆದರೆ ಬಂದರೆ ಉಳಿಯುವವರು ಕಡಿಮೆ. ಅದು ಕುಡಿದ ನೀರಿನಿಂದ ಬರುವುದಿಲ್ಲ, ಮೂಗಿಗೆ ಹೋದ ನೀರಿನಿಂದ ಬರುತ್ತದೆ. ಹಸಿರುಗಟ್ಟಿದ ಕೆರೆ, ಕಲ್ಯಾಣಿಗಳಲ್ಲಿ ಮುಳುಗು ಹಾಕುವುದು ಬೇಡ.

9. ಸೀರೆ, ದುಪ್ಪಟ್ಟಾ ದಡದಲ್ಲಿರಲಿ

ನಮ್ಮ ಹೆಣ್ಣುಮಕ್ಕಳು ಉಟ್ಟ ಬಟ್ಟೆಯಲ್ಲೇ ಅಲೆಗೆ ಇಳಿಯುತ್ತಾರೆ. ನೆನೆದ ಸೀರೆ ಕಾಲಿಗೆ ಸುತ್ತಿಕೊಂಡರೆ ಎದ್ದು ನಿಲ್ಲುವುದೇ ಕಷ್ಟ. ಲೆಗ್ಗಿಂಗ್ಸ್, ಮೈಗಂಟುವ ಟೀ ಶರ್ಟ್ ಸಾಕು. ಬಟ್ಟೆ ಬದಲಿಸುವ ಕೋಣೆ ಇರುವ ಜಾಗ ಆರಿಸಿದರೆ ಅಮ್ಮಂದಿರೂ ಅಜ್ಜಿಯರೂ ದಡದಲ್ಲಿ ಚೀಲ ಕಾಯುತ್ತ ಕೂರಬೇಕಾಗಿಲ್ಲ. ಮಕ್ಕಳಿಗೆ ಗಾಳಿ ತುಂಬಿದ ಟ್ಯೂಬ್, ತೋಳುಪಟ್ಟಿ ಆಟಿಕೆ ಮಾತ್ರ. ಅಳತೆಗೆ ಸರಿಯಾದ ಲೈಫ್ ಜಾಕೆಟ್ ಕೊಳ್ಳಿ.

10. ಕಾಯುವವರ ಹೆಸರು ಮೊದಲೇ ಹೇಳಿ

ಹತ್ತು ಜನ ದೊಡ್ಡವರಿದ್ದರೆ ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. 'ಈಗ ಅರ್ಧ ಗಂಟೆ ಚಿಕ್ಕಪ್ಪ, ಆಮೇಲೆ ಅತ್ತೆ' ಎಂದು ಪಾಳಿ ಹಾಕಿ. ಪಾಳಿಯಲ್ಲಿರುವವರ ಕೈಯಲ್ಲಿ ಫೋನ್ ಇರಕೂಡದು, ಅವರು ಕುಡಿದಿರಕೂಡದು. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕೂಗುವುದಿಲ್ಲ. ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಐದು ವರ್ಷದೊಳಗಿನವರು ಸದಾ ಕೈಗೆಟಕುವಷ್ಟು ಹತ್ತಿರವಿರಲಿ.

ಕಾರಿನಲ್ಲಿ ಉದ್ದನೆಯ ಹಗ್ಗ, ಖಾಲಿ ಐದು ಲೀಟರ್ ಕ್ಯಾನ್ ಇಟ್ಟುಕೊಳ್ಳಿ. ಮುಳುಗುತ್ತಿರುವವರತ್ತ ಅದನ್ನು ಎಸೆಯಿರಿ, ನೀವು ಹಾರಬೇಡಿ. ಮೇಲೆತ್ತಿದವರ ಹೊಟ್ಟೆ ಒತ್ತಿ ನೀರು ಕಕ್ಕಿಸುವುದು, ತಲೆಕೆಳಗಾಗಿ ಹಿಡಿಯುವುದು ತಪ್ಪು. ಉಸಿರಾಡುತ್ತಿಲ್ಲವೆಂದರೆ ಬಾಯಿಗೆ ಬಾಯಿಟ್ಟು ಉಸಿರು ಊದಿ, ಎದೆ ಒತ್ತಲು ಶುರುಮಾಡಿ. ಇನ್ನೊಬ್ಬರು 112ಕ್ಕೋ 108ಕ್ಕೋ ಕರೆ ಮಾಡಲಿ.

ಮುಂದಿನ ರಜೆಗೆ ಇನ್ನೂ ಸಮಯವಿದೆ. ಈ ವಾರವೇ ಮಕ್ಕಳನ್ನು ಹತ್ತಿರದ ಕೊಳದ ಈಜು ತರಗತಿಗೆ ಸೇರಿಸಿ. ನಿಮಗೂ ಬಾರದಿದ್ದರೆ ಅವರ ಜತೆ ನೀವೂ ಸೇರಿ.