ಬರ್ಮಾಕ್ಕೆ ಹೋದ ದೊಡ್ಡತಾತನ ಹೆಸರು ಎಲ್ಲಿ ಸಿಗುತ್ತದೆ?

ಪ್ರಶ್ನೆ: ನಮ್ಮ ತಾತನ ಅಣ್ಣ ಎರಡನೇ ಮಹಾಯುದ್ಧದ ಕಾಲದಲ್ಲಿ ಪಟಾಲಂ ಸೇರಿ ಬರ್ಮಾಕ್ಕೆ ಹೋದವರು ಮರಳಿ ಬರಲಿಲ್ಲವಂತೆ. ತೀರಿಕೊಂಡರೆಂದು ಒಂದು ಕಾಗದ ಬಂದಿತ್ತೆನ್ನುತ್ತಾರೆ, ಅದು ಈಗ ಇಲ್ಲ. ಮನೆಯಲ್ಲಿ ಉಳಿದಿರುವುದು ನಕ್ಷತ್ರದಾಕಾರದ ಒಂದು ಪದಕ ಮಾತ್ರ. ಅವರ ಸಮಾಧಿ ಎಲ್ಲಿದೆ ಎಂದು ತಿಳಿಯಲು ಸಾಧ್ಯವೇ? ಇಷ್ಟು ವರ್ಷಗಳಾದ ಮೇಲೆ ಕೇಳುವುದು ಹಾಸ್ಯಾಸ್ಪದವಲ್ಲ ತಾನೆ?
– ಹಾಸನ ಜಿಲ್ಲೆಯ ಓದುಗರೊಬ್ಬರು

ಉತ್ತರ: ಖಂಡಿತ ಹಾಸ್ಯಾಸ್ಪದವಲ್ಲ. ಇಂಥ ಪ್ರಶ್ನೆ ಹೆಚ್ಚಾಗಿ ಮೊಮ್ಮಕ್ಕಳ ಕಾಲಕ್ಕೇ ಬರುತ್ತದೆ. ಮಗನನ್ನೋ ಅಣ್ಣನನ್ನೋ ಕಳೆದುಕೊಂಡವರಿಗೆ ಕೇಳುವ ದಾರಿ ಗೊತ್ತಿರಲಿಲ್ಲ, ಎಷ್ಟೋ ಸಲ ಕೇಳುವ ಧೈರ್ಯವೂ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಅವಿಭಜಿತ ಭಾರತದಿಂದ ಸುಮಾರು 25 ಲಕ್ಷ ಜನ ಸೇನೆಯಲ್ಲಿದ್ದರು. ಅವರಲ್ಲಿ ಸುಮಾರು 87 ಸಾವಿರ ಮಂದಿ ಸತ್ತರು. ಅಷ್ಟು ಮನೆಗಳಲ್ಲಿ ನಿಮ್ಮದೂ ಒಂದು.

ನಿಮ್ಮ ಸಂದೇಹದಲ್ಲಿ ಎರಡು ಸಂಗತಿ ಬೆರೆತಿವೆ. ಅವರು ಎಲ್ಲಿ, ಯಾವಾಗ ತೀರಿಕೊಂಡರು ಎಂಬುದು ಒಂದು. ಅವರ ದೇಹಕ್ಕೆ ಏನಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗುವ ಸಂಭವ ಚೆನ್ನಾಗಿಯೇ ಇದೆ. ಎರಡನೆಯದರ ಬಗ್ಗೆ ಮುಂದೆ ಹೇಳುತ್ತೇನೆ.

ಹುಡುಕಾಟವನ್ನು ಬರ್ಮಾದಿಂದ ಶುರುಮಾಡಬೇಡಿ, ಆ ಪದಕದಿಂದ ಶುರುಮಾಡಿ. ಅದನ್ನು ಹುಣಸೆಹಣ್ಣು ಹಾಕಿ ಉಜ್ಜುವ ಆಸೆಯಾಗಬಹುದು. ದಯವಿಟ್ಟು ಉಜ್ಜಬೇಡಿ, ಅದರ ಮೇಲಿನ ಅಕ್ಷರಗಳೇ ನಿಮ್ಮ ಆಸ್ತಿ. ಆರು ಮೂಲೆಯ ಆ ನಕ್ಷತ್ರದ ಮುಂಬದಿಯಲ್ಲಿ, ನಡುವಿನ ಕಿರೀಟದ ಕೆಳಗೆ, ಪದಕದ ಹೆಸರು ಇಂಗ್ಲಿಷಿನಲ್ಲಿ ಇರುತ್ತದೆ. ‘ಬರ್ಮಾ ಸ್ಟಾರ್’ ಎಂದಿದ್ದರೆ ಮನೆಯವರ ಮಾತು ನಿಜವಾಗಿರುವ ಸಂಭವ ಹೆಚ್ಚು. ‘ಪೆಸಿಫಿಕ್ ಸ್ಟಾರ್’ ಎಂದಿದ್ದರೆ ಕತೆ ಬೇರೆ. 1941ರ ಡಿಸೆಂಬರಿನಿಂದ 1942ರ ಫೆಬ್ರವರಿ 15ರವರೆಗೆ ಮಲಯಾ, ಸಿಂಗಪುರಗಳಲ್ಲಿ ಹೋರಾಡಿದವರಿಗೆ ಆ ಪದಕ ಸಲ್ಲುತ್ತಿತ್ತು. ಹಾಸನ ಆಗ ಮೈಸೂರು ಸಂಸ್ಥಾನದಲ್ಲಿತ್ತು. ಸಂಸ್ಥಾನದ್ದೇ ಮೈಸೂರು ಇನ್‌ಫೆಂಟ್ರಿಯ ಒಂದು ಬೆಟಾಲಿಯನ್ ಸಿಂಗಪುರ ಬಿದ್ದಾಗ ಅಲ್ಲಿಯೇ ಇತ್ತು. ಊರಿನಲ್ಲಿ ಕೂತವರಿಗೆ ಸಮುದ್ರದಾಚೆಯ ಮೂಡಣ ದೇಶವೆಲ್ಲ ಬರ್ಮಾವೇ. ಹಾಗಾಗಿ ‘ಬರ್ಮಾಕ್ಕೆ ಹೋದರು’ ಎಂಬ ಮಾತನ್ನು ಗೌರವದಿಂದ ಕೇಳಿಸಿಕೊಳ್ಳಿ, ಆದರೆ ಅದನ್ನೇ ಸಾಕ್ಷಿಯೆಂದು ಹಿಡಿಯಬೇಡಿ.

ಈಗ ಪದಕವನ್ನು ತಿರುಗಿಸಿ ನೋಡಿ. ಬ್ರಿಟಿಷ್ ಸೈನಿಕರಿಗೆ ಕೊಟ್ಟ ಇಂಥ ನಕ್ಷತ್ರಗಳ ಹಿಂಬದಿ ಬೋಳಾಗಿರುತ್ತದೆ. ಭಾರತೀಯರಿಗೆ ಕೊಟ್ಟವುಗಳ ಮೇಲೆ ಸಾಮಾನ್ಯವಾಗಿ ಸಂಖ್ಯೆ, ದರ್ಜೆ, ಹೆಸರು, ದಳದ ಸಂಕ್ಷಿಪ್ತ ನಾಮ ಒತ್ತಿರುತ್ತಾರೆ. ಸಣ್ಣ ಅಕ್ಷರ, ಸವೆದೂ ಇರಬಹುದು. ಬೆಳಕು ಓರೆಯಾಗಿ ಬೀಳುವಂತೆ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಎಲ್ಲಕ್ಕಿಂತ ಮುಖ್ಯವಾದದ್ದು ಆ ಸಂಖ್ಯೆ. ಹೆಸರು ಒಂದೇ ಇರುವವರು ನೂರಾರು ಜನ ಸಿಕ್ಕಾರು, ಒಂದು ದಳದಲ್ಲಿ ಆ ಸಂಖ್ಯೆಯವರು ಒಬ್ಬರೇ. ದಳದ ಜಾಗದಲ್ಲಿ ಆರ್.ಐ.ಎ.ಎಸ್.ಸಿ. ಎಂದಿದ್ದರೆ ಅದು ಸೇನೆಗೆ ಸಾಮಾನು ಸರಂಜಾಮು ಸಾಗಿಸುತ್ತಿದ್ದ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಎಸ್ ಅಂಡ್ ಎಂ ಎಂದಿದ್ದರೆ ಸ್ಯಾಪರ್ಸ್ ಅಂಡ್ ಮೈನರ್ಸ್. ಮದ್ರಾಸಿನ ಹೆಸರಿನ ಸ್ಯಾಪರ್ಸ್ ದಳದ ನೆಲೆ ನಮ್ಮ ಬೆಂಗಳೂರಿನ ಹಲಸೂರು ಕೆರೆಯ ಮಗ್ಗುಲಲ್ಲೇ ಇದೆ.

ಸಂಖ್ಯೆ, ದಳ ತಿಳಿದ ಮೇಲೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ನೋಡಬೇಕು. 1917ರಲ್ಲಿ ಹುಟ್ಟಿದ ಈ ಸಂಸ್ಥೆ ಎರಡೂ ಮಹಾಯುದ್ಧಗಳಲ್ಲಿ ಮಡಿದ ಸುಮಾರು 17 ಲಕ್ಷ ಜನರ ಹೆಸರನ್ನು ಕಾಪಾಡುತ್ತಿದೆ. ಅದರ ಜಾಲತಾಣದಲ್ಲಿ ಹುಡುಕಲು ದುಡ್ಡು ಕೊಡಬೇಕಿಲ್ಲ. ಎರಡನೇ ಯುದ್ಧದ ಲೆಕ್ಕಕ್ಕೆ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರವರೆಗೆ ಸೇವೆಯಲ್ಲಿದ್ದಾಗ ಸತ್ತವರೆಲ್ಲ ಸೇರುತ್ತಾರೆ. ಗುಂಡೇಟಿನಿಂದಲೇ ಸತ್ತಿರಬೇಕೆಂದೇನೂ ಇಲ್ಲ, ಮಲೇರಿಯಾ ಬಂದು ಆಸ್ಪತ್ರೆಯಲ್ಲಿ ತೀರಿಕೊಂಡವರ ಹೆಸರೂ ಅಲ್ಲಿರುತ್ತದೆ.

ಹೆಸರಿನಿಂದಲೇ ಹುಡುಕಬೇಕಾಗಿ ಬಂದರೆ ಸ್ವಲ್ಪ ತಾಳ್ಮೆ ಬೇಕು. ಭರ್ತಿಯ ದಿನ ಗುಮಾಸ್ತನ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದುಕೊಂಡದ್ದು. ನಿಂಗಯ್ಯ ಲಿಂಗಯ್ಯನಾಗಿರಬಹುದು. ಕೊನೆಯ ‘ಅಯ್ಯ’ವನ್ನು ಒಬ್ಬ ಎ-ಐ-ಎ-ಎಚ್ ಎಂದೂ, ಮತ್ತೊಬ್ಬ ಐ-ಎ-ಎಚ್ ಎಂದೂ, ಇನ್ನೊಬ್ಬ ಬರೀ ಐ-ಎ ಎಂದೂ ಬರೆದಿರುತ್ತಾನೆ. ಗೌಡದ ಪಾಡೂ ಅಷ್ಟೇ. ಹೆಸರಿನ ಮೊದಲರ್ಧ ಮಾತ್ರ ಹಾಕಿ ನೋಡಿ. ಎಷ್ಟೋ ನಮೂದುಗಳ ಜೊತೆಗೆ ಇಂಥವರ ಮಗ, ಇಂಥ ಊರಿನವರು ಎಂದೂ ಬರೆದಿರುತ್ತದೆ. ಊರು ಮಾತ್ರ ಅಂದಿನ ಭೂಪಟದ್ದು. ನಿಮಗೆ ಮೈಸೂರು ಸಂಸ್ಥಾನ, ಕೊಡಗಿನವರಿಗೆ ಕೂರ್ಗ್, ಮಂಗಳೂರಿನವರಿಗೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ, ಧಾರವಾಡದವರಿಗೆ ಬೊಂಬಾಯಿ ಪ್ರಾಂತ, ಕಲಬುರ್ಗಿಯವರಿಗೆ ಹೈದರಾಬಾದ್ ಸಂಸ್ಥಾನ. ‘ಕರ್ನಾಟಕ’ ಎಂದು ಹುಡುಕಿದರೆ ಅಂದಿನವರು ಯಾರೂ ಸಿಗುವುದಿಲ್ಲ.

ಹೆಸರು ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅದರ ಮುಂದೆ ‘ರಂಗೂನ್ ಮೆಮೋರಿಯಲ್’ ಎಂದೂ, ‘ಫೇಸ್’ ಎಂಬ ಪದದ ಮುಂದೆ ಒಂದು ಅಂಕಿಯೂ ಇರಬಹುದು. ಬಹಳ ಜನ ಎಡವುವುದು ಇಲ್ಲಿಯೇ. ‘ಸಮಾಧಿ ಸಿಕ್ಕಿತು’ ಎಂದು ಸಂತೋಷಪಟ್ಟು ಪ್ರಯಾಣಕ್ಕೆ ಸಿದ್ಧರಾಗುತ್ತಾರೆ. ಆದರೆ ಅದು ಸಮಾಧಿಯ ಗುರುತಲ್ಲ. ಯಾಂಗೂನಿನ (ಅಂದಿನ ರಂಗೂನಿನ) ಉತ್ತರಕ್ಕಿರುವ ಟೌಕ್ಯಾನ್ ಯುದ್ಧ ಸ್ಮಶಾನದಲ್ಲಿ ಆರು ಸಾವಿರಕ್ಕೂ ಮಿಕ್ಕಿ ಸಮಾಧಿಗಳಿವೆ. ಅವುಗಳ ನಡುವೆ ಉದ್ದಕ್ಕೆ ಸಾಲುಗಂಬಗಳ ಒಂದು ಮಂಟಪವಿದೆ, ಅದೇ ರಂಗೂನ್ ಸ್ಮಾರಕ. ಸಮಾಧಿ ಎಲ್ಲಿದೆಯೆಂದು ಗೊತ್ತಾಗದ ಸುಮಾರು 27 ಸಾವಿರ ಜನರ ಹೆಸರನ್ನು ಅಲ್ಲಿ ಕೆತ್ತಿದ್ದಾರೆ. ‘ಫೇಸ್’ ಎಂದರೆ ಕಂಬದ ಯಾವ ಮುಖದಲ್ಲಿ ಹೆಸರಿದೆ ಎಂಬ ಗುರುತು ಮಾತ್ರ. ದೇಹ ಕಾಡಿನಲ್ಲೋ ಹೊಳೆಯಲ್ಲೋ ಎಲ್ಲೋ ಉಳಿದಿದೆ ಎಂದೇ ಅದರರ್ಥ. ಸಿಂಗಪುರದ ಕ್ರಾಂಜಿಯಲ್ಲೂ ಇಂಥದೇ ಸ್ಮಾರಕವಿದೆ, ಅಲ್ಲಿ 24 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ.

ನಮೂದಿನಲ್ಲಿ ‘ಕ್ರಿಮೇಷನ್ ಮೆಮೋರಿಯಲ್’ ಎಂದಿದ್ದರೆ ಅವರಿಗೆ ದಹನ ಸಂಸ್ಕಾರವಾಗಿದೆ ಎಂದು ತಿಳಿಯಿರಿ. ಹಿಂದೂ, ಸಿಖ್ ಸೈನಿಕರಿಗೆ ಅಗ್ನಿಸಂಸ್ಕಾರ ಮಾಡಿ ಹೆಸರನ್ನು ಮಾತ್ರ ಕೆತ್ತಿಸುವ ಪದ್ಧತಿಯಿತ್ತು. ಟೌಕ್ಯಾನ್, ಇಂಫಾಲ, ಕ್ರಾಂಜಿಗಳಲ್ಲಿ ಅಂಥ ಸ್ಮಾರಕಗಳು ಪ್ರತ್ಯೇಕವಾಗಿವೆ. ನಿಮ್ಮ ಮನೆತನದವರಿಗೆ ಇದು ಸ್ವಲ್ಪ ಸಮಾಧಾನದ ಸುದ್ದಿಯೇ. ‘ದೆಹಲಿ/ಕರಾಚಿ ಸ್ಮಾರಕ’ ಎಂದಿದ್ದರೆ ಅವರು ಕದನಭೂಮಿಗೆ ಹೊರತಾದ ಪ್ರದೇಶದಲ್ಲಿ ತೀರಿಕೊಂಡಿರಬೇಕು. ಅಂಥ 25 ಸಾವಿರಕ್ಕೂ ಹೆಚ್ಚು ಹೆಸರುಗಳು ಆ ಎರಡೂ ಊರುಗಳ ಸ್ಮಾರಕಕ್ಕೆ ಸೇರಿವೆ. ಹಾಗಿದ್ದಲ್ಲಿ ‘ಬರ್ಮಾಕ್ಕೆ ಹೋದರು’ ಎಂಬುದು ಹೊರಟ ದಿನದ ಮಾತಾಗಿದ್ದು, ತಲುಪಿದ್ದೇ ಸುಳ್ಳಾಗಿರಲೂಬಹುದು.

ನಿಮ್ಮ ದೊಡ್ಡತಾತ ಎರಡನೇ ಯುದ್ಧದವರು ಎಂಬುದು ಹುಡುಕುವವರ ಪಾಲಿಗೆ ಅದೃಷ್ಟ. ಮೊದಲ ಯುದ್ಧದಲ್ಲಿ ಇರಾಕಿನಲ್ಲಿ ಸತ್ತವರ ಬಸ್ರಾ ಸ್ಮಾರಕದಲ್ಲಿ ಅಧಿಕಾರಿಗಳ ಹೆಸರು ಕೆತ್ತಿ, ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ದಳದ ಕೆಳಗೆ ಬರೀ ಸಂಖ್ಯೆಯಾಗಿ ತೋರಿಸಿದರು. ಏಷ್ಯಾ, ಆಫ್ರಿಕಾದ ಸೈನಿಕರನ್ನು ಹೀಗೆ ಬೇರೆಯಾಗಿ ನಡೆಸಿಕೊಂಡದ್ದನ್ನು ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೇಳಿತು. ನೂರು ವರ್ಷ ಹಿಡಿಯಿತು ಎಂಬುದನ್ನು ಬಿಟ್ಟರೆ ಒಳ್ಳೆಯ ಕೆಲಸವೇ.

ಪಟ್ಟಿಯಲ್ಲಿ ಇರುವುದಕ್ಕಿಂತ ಹೆಚ್ಚು ಬೇಕೆಂದರೆ ದಳದ ದಾಖಲೆ ಕಚೇರಿಗೆ ಪದಕದ ಎರಡೂ ಬದಿಯ ಫೋಟೊ ಸಹಿತ ಪತ್ರ ಬರೆಯಿರಿ. ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ. ಮೈಸೂರು ಇನ್‌ಫೆಂಟ್ರಿಯೂ ಸ್ವಾತಂತ್ರ್ಯಾನಂತರ ಆ ರೆಜಿಮೆಂಟಿಗೇ ಸೇರಿತು. ದೊಡ್ಡತಾತನ ಹೆಂಡತಿಗೆ ಕುಟುಂಬ ಪಿಂಚಣಿ ಬರುತ್ತಿದ್ದಿದ್ದರೆ ಆ ಹಳೆಯ ಪುಸ್ತಕಕ್ಕಾಗಿ ಟ್ರಂಕಿನ ತಳ ತಡಕಾಡಿ, ಅದರಲ್ಲೂ ಸಂಖ್ಯೆ ಇರುತ್ತದೆ. ದಾರಿ ತಿಳಿಯದಿದ್ದರೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಇದೆಲ್ಲ ತಡವಾಯಿತೆಂದು ಅಳುಕಬೇಡಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋಗಿ ಹಿಂತಿರುಗಲಿಲ್ಲ. ಅವರಿಗೆ ಏನಾಯಿತೆಂದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಮಗಿಂತ ವೇಗದ ಎಫ್-104 ವಿಮಾನವನ್ನು ತಮ್ಮ ಮಿಸ್ಟೇರ್‌ನಿಂದ ಅವರು ಹೊಡೆದುರುಳಿಸಿದ್ದರು ಎಂಬುದು ಹೊರಬಿದ್ದದ್ದು ವರ್ಷಗಳ ಮೇಲೆ, ಪಾಕಿಸ್ತಾನದ ಕಡೆಯ ವಿವರಗಳನ್ನು ಒಬ್ಬ ಇಂಗ್ಲಿಷ್ ಲೇಖಕ ಬರೆದ ಬಳಿಕ. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು, ಪತ್ನಿ ಸ್ವೀಕರಿಸಿದರು. ಎದುರಾಳಿಯ ಪುಸ್ತಕದಲ್ಲೂ ನಮ್ಮವರ ಸುದ್ದಿ ಇರುತ್ತದೆ.

ಕೊನೆಗೊಂದು ವಿಷಯ. ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಹಿರಿಯರು ಕೇಳಿಯೇ ಕೇಳುತ್ತಾರೆ. ಪಟ್ಟಿಯಲ್ಲಿ ಮರಣದ ದಿನಾಂಕ ಸಿಕ್ಕರೆ ಆ ವರ್ಷದ ಪಂಚಾಂಗ ನೋಡಿ ತಿಥಿ ತಿಳಿದುಕೊಳ್ಳಬಹುದು. ಒಂದು ಎಚ್ಚರಿಕೆ: ಕಾಣೆಯಾದವರ, ಸೆರೆಯಾಗಿದ್ದವರ ದಿನಾಂಕ ಕೆಲವೊಮ್ಮೆ ಸೇನೆ ಊಹಿಸಿ ಬರೆದದ್ದು, ಇಂಥ ದಿನದಿಂದ ಇಂಥ ದಿನದ ನಡುವೆ ಎಂದೂ ಇರುವುದುಂಟು. ಆಗ ತಿಥಿ ಗೊತ್ತಿಲ್ಲದವರಿಗೆಂದೇ ಇರುವ ಮಹಾಲಯ ಅಮಾವಾಸ್ಯೆ ಇದೆ. ಆಯುಧದಿಂದ ಸತ್ತವರಿಗೆ ಪಿತೃಪಕ್ಷದ ಚತುರ್ದಶಿಯಂದು ಮಾಡುವ ರೂಢಿಯೂ ಉಂಟು. ನಿಮ್ಮ ಮನೆಯಲ್ಲಿ ಈವರೆಗೆ ಯಾವ ದಿನ ಎಡೆ ಇಡುತ್ತಿದ್ದರೆಂದು ವಿಚಾರಿಸಿ. ಅದು ಚತುರ್ದಶಿಯಾಗಿದ್ದರೆ, ಆ ಕಳೆದುಹೋದ ಕಾಗದದಲ್ಲಿ ಏನು ಬರೆದಿತ್ತೆಂಬುದಕ್ಕೆ ಅದೂ ಒಂದು ಸುಳಿವು.