ಕುಂಡದ ಗಿಡ ಬಾಡುವುದೇಕೆ?

ಅರಸೀಕೆರೆಯ ಬೀದಿಗಳಲ್ಲಿ ನಡೆದುಹೋಗುವವರಿಗೆ ಅನೇಕ ಮನೆಗಳ ಜಗಲಿಯ ಮೇಲೆ ನಾಲ್ಕಾರು ಕುಂಡಗಳು ಕಾಣಸಿಗುತ್ತವೆ. ದಾಸವಾಳ, ಮಲ್ಲಿಗೆ, ನಿಂಬೆ, ಕರಿಬೇವು ಇವು ಸಾಮಾನ್ಯ. ಅವುಗಳ ನಡುವೆ ಒಂದಾದರೂ ಗಿಡ ಎಲೆ ಜೋತು, ಅಂಚು ಕಂದಿ, ಬದುಕಲೋ ಬೇಡವೋ ಎಂಬಂತೆ ನಿಂತಿರುವುದುಂಟು. ಮನೆಯವರು ಮರುಕಗೊಂಡು ಅದಕ್ಕೆ ಒಂದು ಚೊಂಬು ನೀರನ್ನು ಹೆಚ್ಚಾಗಿಯೇ ಹಾಕುತ್ತಾರೆ. ಗಿಡ ಇನ್ನಷ್ಟು ಬಾಡುತ್ತದೆ. ಇನ್ನೊಂದು ಚೊಂಬು ಬೀಳುತ್ತದೆ. ಕೆಲವು ವಾರಗಳಲ್ಲಿ ಗಿಡ ಸತ್ತೇಹೋಗುತ್ತದೆ. ನೀರು ಕೊಟ್ಟರೂ ಗಿಡ ಏಕೆ ಸಾಯಬೇಕು? ಈ ಪ್ರಶ್ನೆ ಸಸ್ಯಶಾಸ್ತ್ರಕ್ಕೆ ಸೇರಿದುದೆಂದು ತೋರಿದರೂ ಉತ್ತರದ ಬಹುಭಾಗವಿರುವುದು ಭೌತಶಾಸ್ತ್ರದಲ್ಲಿ.

ಎಲೆ ಬಾಡುವುದೆಂದರೆ, ಅದರಿಂದ ಆವಿಯಾಗಿ ಹೋಗುವಷ್ಟು ನೀರನ್ನು ಬೇರು ಒದಗಿಸಲಾರದೆ ಹೋಯಿತೆಂದು ಅರ್ಥ. ಮಣ್ಣಿನಲ್ಲಿ ನೀರಿಲ್ಲದಿದ್ದರೆ ಹೀಗಾಗುವುದು ಸರಿಯೇ. ಆದರೆ ನೀರಿದ್ದೂ ಬೇರಿಗೆ ಅದನ್ನು ಹೀರುವ ಶಕ್ತಿ ಇಲ್ಲದಿದ್ದರೂ ಹೀಗೆಯೇ ಆಗುತ್ತದೆ. ಬೇರು ಕೂಡ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿರುವ ಗಾಳಿಯಿಂದ ಅದಕ್ಕೆ ಆಮ್ಲಜನಕ ದೊರೆಯಬೇಕು. ಆ ಸಂದುಗಳು ನೀರಿನಿಂದ ತುಂಬಿಹೋದರೆ, ಆಮ್ಲಜನಕವು ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಾಲು ನಿಧಾನವಾಗಿ ಹರಡುತ್ತದೆ. ಬೇರು ಉಸಿರುಕಟ್ಟಿ ಕೊಳೆಯುತ್ತದೆ. ನೀರಿನಲ್ಲಿ ಮುಳುಗಿದ ಗಿಡವೂ ಬಾಯಾರಿದ ಗಿಡದಂತೆಯೇ ಕಾಣುವುದು ಈ ಕಾರಣದಿಂದ.

ಕುಂಡದ ತಳದಲ್ಲಿ ತೂತಿದೆಯಲ್ಲ, ಹೆಚ್ಚಾದ ನೀರು ಹರಿದುಹೋಗಬಾರದೇ ಎಂದು ವಾಚಕರು ಕೇಳಬಹುದು. ಹರಿಯುತ್ತದೆ, ಆದರೆ ಎಲ್ಲವೂ ಅಲ್ಲ. ಸೂಕ್ಷ್ಮ ನಾಳಗಳಲ್ಲಿ ನೀರು ತಾನಾಗಿ ಮೇಲೇರಿ ನಿಲ್ಲುವ ಲೋಮನಾಳ ಕ್ರಿಯೆಯನ್ನು ವಿದ್ಯಾರ್ಥಿಗಳು ಪ್ರಯೋಗಶಾಲೆಯಲ್ಲಿ ನೋಡಿದ್ದಾರೆ. 1 ಮಿಲಿಮೀಟರ್ ವ್ಯಾಸದ ಗಾಜಿನ ನಾಳದಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ. ವ್ಯಾಸ ಇದರ ಹತ್ತನೆಯ ಒಂದು ಪಾಲಾದರೆ ಸುಮಾರು 30 ಸೆಂಟಿಮೀಟರ್. ಮಣ್ಣಿನ ಸಂದುಗಳು ಅಂಕುಡೊಂಕಾದ ಇಂತಹ ನಾಳಗಳೇ. ಆದ್ದರಿಂದ ನೀರು ಹಾಕಿ ಸೋರುವುದು ನಿಂತ ಮೇಲೂ ಕುಂಡದ ತಳಭಾಗದಲ್ಲಿ ಒಂದು ಎತ್ತರದವರೆಗೆ ಮಣ್ಣು ನೀರಿನಿಂದ ತುಂಬಿಯೇ ಇರುತ್ತದೆ. ಈ ಎತ್ತರ ಸಂದುಗಳ ಗಾತ್ರವನ್ನು ಅವಲಂಬಿಸಿದೆಯೇ ಹೊರತು ಕುಂಡದ ಎತ್ತರವನ್ನಲ್ಲ. ತಗ್ಗಾದ ಕುಂಡಗಳಲ್ಲಿ ಗಿಡಗಳು ಬೇಗ ಕೊಳೆಯುವುದರ ಗುಟ್ಟು ಇದೇ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪಾತ್ರೆ ತೊಳೆಯುವ ಸ್ಪಂಜನ್ನು ನೀರಿನಲ್ಲಿ ನೆನೆಸಿ ಅಂಗೈ ಮೇಲೆ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ, ಹಿಂಡದೆ, ಅದನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜೂ ಅದೇ, ಸಂದುಗಳೂ ಅವೇ. ನೀರಿನ ಕಂಬದ ಎತ್ತರ ಮಾತ್ರ ಹೆಚ್ಚಿದೆ.

ತಳಕ್ಕೆ ಜಲ್ಲಿಯನ್ನೋ ಹೆಂಚಿನ ಚೂರುಗಳನ್ನೋ ದಪ್ಪನಾಗಿ ಹರಡಿದರೆ ನೀರು ಬಸಿಯುತ್ತದೆಂಬ ನಂಬಿಕೆ ಬಹಳ ಪ್ರಚಲಿತವಾಗಿದೆ. ಅದು ಸರಿಯಲ್ಲ. ಸಣ್ಣ ಸಂದುಗಳು ಹಿಡಿದಿಟ್ಟ ನೀರು, ಮೇಲಿನ ಮಣ್ಣು ಬಹುಮಟ್ಟಿಗೆ ತುಂಬುವವರೆಗೆ, ದೊಡ್ಡ ಸಂದುಗಳೊಳಕ್ಕೆ ಇಳಿಯುವುದಿಲ್ಲ. ಜಲ್ಲಿಯಿಂದ ಒದ್ದೆಯ ಪದರ ಇಲ್ಲವಾಗುವುದಿಲ್ಲ, ಮೇಲಕ್ಕೆ ಸರಿದು ಬೇರಿನ ಹತ್ತಿರಕ್ಕೆ ಬರುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಕೆರೆಯ ಗೋಡಿನ ವಿಷಯವೂ ಹೀಗೆಯೇ. ಹೊಲಕ್ಕೆ ಹೊಡೆದ ಗೋಡು ಬಂಗಾರಕ್ಕೆ ಸಮ, ರೈತರು ಅದನ್ನು ಬಲ್ಲರು. ಆದರೆ ಹೊಲದಲ್ಲಿ ಮಣ್ಣಿನ ಕಂಬ ಆಳದವರೆಗೆ ಮುರಿಯದೆ ಇಳಿದಿದೆ. ಕುಂಡದಲ್ಲಿ ಅದು ಒಂದು ಗೇಣಿಗೇ ಕಡಿದುಹೋಗಿದೆ. ನಯವಾದ ಗೋಡನ್ನು ಕುಂಡಕ್ಕೆ ತುಂಬಿದರೆ ತಳದಿಂದ ತುದಿಯವರೆಗೂ ಕೆಸರೇ.

ಊರು ಬದಲಾದಂತೆ ಕುಂಡದ ಕಷ್ಟವೂ ಬದಲಾಗುತ್ತದೆ. ಬೇಲೂರಿನಿಂದ ಹಳೇಬೀಡು, ಜಾವಗಲ್ ಮಾರ್ಗವಾಗಿ ಅರಸೀಕೆರೆಗೆ ಬರುವವರು ಮಲೆನಾಡಿನ ಸೆರಗಿನಿಂದ ತೆಂಗು, ರಾಗಿಗಳ ಬಯಲುಸೀಮೆಗೆ ಇಳಿಯುತ್ತಾರೆ. ಬೇಲೂರಿನ ಆಷಾಢದಲ್ಲಿ ಕುಂಡವನ್ನು ಮಳೆಯಿಂದ ಸೂರಿನಡಿಗೆ ಸರಿಸಬೇಕಾದರೆ, ಅರಸೀಕೆರೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಶತ್ರುವೇ ಬೇರೆ. ಗಾಳಿಯಲ್ಲಿ ಆವಿಯ ಒತ್ತಡ 12 ಮಿಲಿಮೀಟರ್ ಪಾದರಸದಷ್ಟಿದೆ ಎನ್ನೋಣ. ಎಲೆಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಅದರೊಳಗಿನ ಆವಿಯ ಒತ್ತಡ 17.5, ವ್ಯತ್ಯಾಸ ಐದೂವರೆ. 35 ಡಿಗ್ರಿಯಲ್ಲಿ ಅದು 42ಕ್ಕೇರಿ ವ್ಯತ್ಯಾಸ 30 ಆಗುತ್ತದೆ. ನೀರನ್ನು ಎಲೆಯಿಂದ ಹೊರಗೆಳೆಯುವ ಬಲ ಐದು ಪಟ್ಟಿಗೂ ಮಿಗಿಲಾಯಿತು. ಮಣ್ಣು ಒದ್ದೆಯಾಗಿದ್ದರೂ ಬೇರು ಈ ವೇಗಕ್ಕೆ ಸರಿಗಟ್ಟಲಾರದು. ಎಲೆಯ ಅಂಚು ಮೊದಲು ಸುಡುತ್ತದೆ.

ಬಿಸಿಲಿಗೆ ಕಾದ ಸಿಮೆಂಟಿನ ನೆಲ, ಕಪ್ಪು ಪ್ಲಾಸ್ಟಿಕ್ ಕುಂಡ, ಇವೆರಡೂ ಸೇರಿದರಂತೂ ಬೇರೇ ಬೇಯುತ್ತದೆ. ಸುಟ್ಟ ಮಣ್ಣಿನ ಕುಂಡ ಇಲ್ಲಿ ಮೇಲು. ಅದರ ಮೈಯಿಂದ ಆವಿಯಾಗುವ ಪ್ರತಿ ಗ್ರಾಂ ನೀರು ಸುಮಾರು 580 ಕ್ಯಾಲೊರಿ ಉಷ್ಣವನ್ನು ಒಯ್ಯುತ್ತದೆ. ಬೇಸಿಗೆಯ ಹೂಜಿಯಲ್ಲಿ ನೀರು ತಣ್ಣಗಿರುವುದೂ ಇದರಿಂದಲೇ. ಇಂತಹ ಕುಂಡಕ್ಕೆ ಅಂದಕ್ಕಾಗಿ ಎಣ್ಣೆಬಣ್ಣ ಬಳಿಯುವವರು ಆ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತಾರೆ.

ಚಿತ್ರಗಳಲ್ಲಿ ಕೆಂಪೆಲೆಯ ಜಪಾನೀ ಮೇಪಲ್ ಮರವನ್ನು ಕಂಡು, ಅದನ್ನೂ ಕುಂಡದಲ್ಲಿ ಬೆಳೆಸಬಹುದೇ ಎಂದು ಕೇಳುವ ವಿದ್ಯಾರ್ಥಿಗಳಿದ್ದಾರೆ. ಎಲೆಯಂಚು ಸುಡುವ ರೋಗಕ್ಕೆ ಅದು ಪ್ರಸಿದ್ಧ. ಅದಕ್ಕಿಂತ ಮುಖ್ಯವಾಗಿ, ಚಳಿಗಾಲದಲ್ಲಿ ಎಲೆಯುದುರಿಸಿ ವಾರಗಟ್ಟಲೆ ಕೊರೆಯುವ ಚಳಿಯನ್ನು ಅನುಭವಿಸಿದ ಮೇಲೆಯೇ ಅದರ ಮೊಗ್ಗುಗಳು ಸರಿಯಾಗಿ ಬಿರಿಯುವುದು. ಅಂತಹ ಚಳಿ ನಮ್ಮಲ್ಲಿಲ್ಲ. ನೆರಳು, ನೀರುಗಳಿಂದ ಆ ಕೊರತೆ ತುಂಬುವುದಿಲ್ಲ. ಅದರ ಆಸೆ ಬಿಟ್ಟು ಕರಿಬೇವನ್ನು ಉಳಿಸಿಕೊಳ್ಳುವುದು ಜಾಣತನವೆಂದು ನನ್ನ ಮತ.

ಬಾಡಿದ ಗಿಡಕ್ಕೆ ನೀರೆರೆಯುವ ಮುನ್ನ ಒಂದು ರಾತ್ರಿ ಕಾಯಿರಿ. ಮಧ್ಯಾಹ್ನ ಜೋತ ಎಲೆ ಮುಂಜಾನೆಗೆ ತಾನೇ ಎದ್ದಿದ್ದರೆ ದೋಷ ಗಾಳಿಯದು. ಕುಂಡವನ್ನು ಮಧ್ಯಾಹ್ನದ ಬಿಸಿಲಿನಿಂದ ಸರಿಸಿದರೆ ಆಯಿತು. ಮುಂಜಾನೆಯೂ ಜೋತಿದ್ದರೆ ಎರಡು ಬೆರಳು ಆಳಕ್ಕೆ ಮಣ್ಣನ್ನು ಕೆದಕಿ, ಕುಂಡವನ್ನು ಎತ್ತಿ ನೋಡಿ. ಮಣ್ಣು ಒಣಗಿ ಕುಂಡ ಹಗುರವಾಗಿದ್ದರೆ ನೀರು ಬೇಕು. ಮಣ್ಣು ಒದ್ದೆಯಾಗಿ ಕುಂಡ ಭಾರವಾಗಿದ್ದರೆ ಚೊಂಬನ್ನು ಕೆಳಗಿಡಿ. ಗಿಡವನ್ನು ಮಣ್ಣಿನ ಮುದ್ದೆಸಹಿತ ಹೊರತೆಗೆದು, ಕಂದಾಗಿ ಮೆತ್ತಗಾದ ಬೇರುಗಳನ್ನು ಕತ್ತರಿಸಿ, ಬಿಳಿಯ ಗಟ್ಟಿ ಬೇರುಗಳನ್ನು ಉಳಿಸಿ. ಕೆಮ್ಮಣ್ಣು, ದಪ್ಪ ಮರಳು, ಸ್ವಲ್ಪ ಕಳಿತ ಗೊಬ್ಬರ, ಇವುಗಳ ಜೊತೆಗೆ ಅರಸೀಕೆರೆಯಲ್ಲಿ ಕೇಳಿದಷ್ಟು ಸಿಗುವ ತೆಂಗಿನಕಾಯಿ ಸಿಪ್ಪೆಯನ್ನು ಸಣ್ಣಗೆ ತುಂಡರಿಸಿ, ನೀರಿನಲ್ಲಿ ನೆನೆಸಿ ತೊಳೆದು ಬೆರೆಸಿದರೆ ಸಂದುಗಳು ದೊಡ್ಡವಾಗುತ್ತವೆ. ದೊಡ್ಡ ಕುಂಡಕ್ಕೆ ಬದಲಾಯಿಸಬೇಡಿ; ಬೇರು ಮುಟ್ಟದ ಮಣ್ಣಿನಲ್ಲಿ ನೀರು ಹಾಗೆಯೇ ನಿಲ್ಲುತ್ತದೆ. ಕುಂಡದಡಿಗೆ ಮೂರು ಇಟ್ಟಿಗೆ ಚೂರುಗಳನ್ನಿಟ್ಟು ತೂತು ನೆಲಕ್ಕೆ ತಗಲದಂತೆ ಮಾಡಿ, ನೆರಳಿನಲ್ಲಿಡಿ. ಒಮ್ಮೆ ನೀರೆರೆದ ಮೇಲೆ ಕುಂಡ ಹಗುರವಾಗುವವರೆಗೆ ಮತ್ತೆ ಎರೆಯಬಾರದು. ಹೊಸ ಚಿಗುರು ಕಾಣುವವರೆಗೆ ಗೊಬ್ಬರವೂ ಬೇಡ.