ಛಾಯಾಗ್ರಾಹಕರ ಬಳಿ ಕೆಲಸ ಕಲಿಯಲು ಹೊರಟವರಿಗೆ

ನಂಜನಗೂಡು, ತಿ. ನರಸೀಪುರದ ಕಡೆಯ ವಿದ್ಯಾರ್ಥಿಗಳೇ, ರಜೆಯಲ್ಲಿ ವೃತ್ತಿಪರ ಛಾಯಾಗ್ರಾಹಕರ ಬಳಿ ಇಂಟರ್ನ್‌ಶಿಪ್‌ಗೆ ಸೇರುವ ಮುನ್ನ ಅವಧಿ, ಓಡಾಟದ ಖರ್ಚು, ನೀವು ತೆಗೆದ ಚಿತ್ರಕ್ಕೆ ಯಾರ ಹೆಸರು ಎಂಬುದನ್ನು ಮಾತಾಡಿಕೊಳ್ಳಿ. ಮೊದಮೊದಲು ರಿಫ್ಲೆಕ್ಟರ್ ಹಿಡಿಯುವ, ಕಾರ್ಡಿನ ಚಿತ್ರಗಳನ್ನು ಎರಡು ಡಿಸ್ಕಿಗೆ ಇಳಿಸುವ ಕೆಲಸವೇ ಸಿಗುತ್ತದೆ, ಬೇಸರ ಬೇಡ. ರಿಫ್ಲೆಕ್ಟರನ್ನು ತುಸು ಓರೆ ಮಾಡಿದರೆ ಮುಖದ ನೆರಳು ಹೇಗೆ ತಿಳಿಯಾಗುತ್ತದೆ ಎಂಬುದನ್ನು ಗಮನಿಸಿ.

ಬಿಡುವಿದ್ದಾಗ ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿ ದೇವಸ್ಥಾನದ ಹೊರಗೋಡೆಯನ್ನು ಬೆಳಗಿನ ಎಳೆಬಿಸಿಲಲ್ಲೂ ನಡುಹಗಲಲ್ಲೂ ತೆಗೆದು ಹೋಲಿಸಿ. ಮಗುವಿಗಾಗಿ ಹರಕೆ ಹೊತ್ತು ಬಂದವರ ಮುಖಕ್ಕೆ ಮಾತ್ರ ಕೇಳದೆ ಕ್ಯಾಮೆರಾ ಹಿಡಿಯಬೇಡಿ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಜನಸಾಮಾನ್ಯರನ್ನು ಗೌರವದಿಂದ ಕಂಡೇ ದೊಡ್ಡ ಹೆಸರಾದರು. ಮುಂದೆ ಓದುವ ಮನಸ್ಸಾದರೆ ಮೈಸೂರಿನ ದೃಶ್ಯಕಲಾ ಕಾಲೇಜಾದ ಕಾವಾದಲ್ಲಿ ವಿಚಾರಿಸಿ. ಛಾಯಾಗ್ರಹಣವನ್ನು ಅಲ್ಲಿ ಕಲಿಸುತ್ತಾರೆ.